ಅತ್ತೆಯ ಮುತ್ತಜ್ಜನ ಫೈಲು

ನಮ್ಮ ಅತ್ತೆಯ ಮನೆಯ ನಡುಮನೆಯಲ್ಲಿ ಒಂದು ಹಳೇ ಫೋಟೊ ಇದೆ. ಬಿಳಿ ಗಡ್ಡ, ಕರಿ ಕೋಟು, ಕೈಯಲ್ಲಿ ಊರುಗೋಲು. ಅದು ಅತ್ತೆಯ ಮುತ್ತಜ್ಜನದು. ಮದುವೆಯಾಗಿ ಟೆನೆಸ್ಸಿಗೆ ಬಂದ ಮೊದಲ ವಾರವೇ ನನಗೆ ಅವರ ಕಥೆ ಕೇಳಿಸಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕಡೆ, ಅಂದರೆ ಕಾನ್ಫೆಡರೇಟ್ ಸೈನ್ಯದಲ್ಲಿ, ಕ್ಯಾಪ್ಟನ್ ಆಗಿದ್ದರಂತೆ. 1862ರ ಏಪ್ರಿಲ್‌ನಲ್ಲಿ ಶೈಲೋ ಯುದ್ಧದಲ್ಲಿ ಕಾಲಿಗೆ ಗುಂಡು ಬಿತ್ತಂತೆ. ಸಾಯುವವರೆಗೂ ಕುಂಟುತ್ತಿದ್ದರಂತೆ. ಈ 'ಅಂತೆ'ಗಳನ್ನು ಒಂದು ಸಲ ಕಾಗದದ ಮೇಲೆ ನೋಡಿಬಿಡೋಣ ಅಂತ ಹೊರಟವಳು ನಾನು.

ನನ್ನ ಗಂಡನಿಗೆ ಇದರಲ್ಲಿ ಆಸಕ್ತಿ ಇಲ್ಲ. "ಗುಲಾಮಗಿರಿ ಉಳಿಸಿಕೊಳ್ಳಲು ಹೊಡೆದಾಡಿದವರು, ಅವರನ್ನು ಹುಡುಕಿ ಏನು ಮಾಡ್ತೀಯ" ಅಂದರು. ಮಾತು ಸರಿಯೇ. ಆದರೆ ನಾನು ರಾಣೆಬೆನ್ನೂರಿನವಳು, ತಾಲ್ಲೂಕು ಕಚೇರಿ ಗುಮಾಸ್ತರ ಮಗಳು. ಹಳೇ ಕಾಗದದ ವಾಸನೆ ಬಡಿದರೆ ಸುಮ್ನೆ ಕೂರಲಾಗುವುದಿಲ್ಲ. ಚಿಕ್ಕವಳಿದ್ದಾಗ ನಮ್ಮ ಅಜ್ಜಿಯ ಊರಿಗೆ ಹೆಳವರು ಬರುತ್ತಿದ್ದರು. ಮನೆ ಮುಂದೆ ಎತ್ತು ನಿಲ್ಲಿಸಿ, ಗಂಟೆ ಬಾರಿಸಿ, ನಮ್ಮ ಮನೆತನದ ಹಿಂದಿನವರ ಹೆಸರು ಒಂದೊಂದಾಗಿ ಹೇಳುತ್ತಿದ್ದರು. ಒಬ್ಬರನ್ನೂ ಕೆಟ್ಟವರು ಅನ್ನುತ್ತಿರಲಿಲ್ಲ. ಕಾಳು ಕೊಡುವವರು ನಾವು ಅಲ್ವಾ? ನಮ್ಮ ಅತ್ತೆಯೂ ಅವರ ಮನೆತನದ ಹೆಳವರೇ. ಅವರ ಕಥೆಯಲ್ಲೂ ಕೆಟ್ಟವರು ಇಲ್ಲ.

ಮೊದಲ ಕೆಲಸ ಹೆಸರು ಹುಡುಕುವುದು. ನ್ಯಾಷನಲ್ ಪಾರ್ಕ್ ಸರ್ವೀಸ್‌ನವರು ಆ ಯುದ್ಧದ ಎರಡೂ ಕಡೆಯ ಸೈನಿಕರ ಹೆಸರಿನ ಪಟ್ಟಿಯನ್ನು ಇಂಟರ್ನೆಟ್ಟಿಗೆ ಹಾಕಿದ್ದಾರೆ. ದುಡ್ಡು ಕೊಡಬೇಕಾಗಿಲ್ಲ. ಹೆಸರು, ರೆಜಿಮೆಂಟು, ಸೇರಿದಾಗಿನ ದರ್ಜೆ, ಬಿಟ್ಟಾಗಿನ ದರ್ಜೆ, ಅಷ್ಟೇ ಇರುವುದು. ಟೆನೆಸ್ಸಿ ಅಂತ ಹಾಕಿ ಮುತ್ತಜ್ಜನ ಹೆಸರು ಕೊಟ್ಟೆ. ಅದೇ ಹೆಸರಿನವರು ಮೂವರು ಬಂದರು. ಇಬ್ಬರು ಸಾಮಾನ್ಯ ಸಿಪಾಯಿಗಳು, ಒಬ್ಬರು ಕ್ಯಾಪ್ಟನ್! ಆ ಕ್ಯಾಪ್ಟನ್ನರ ಸೇವಾ ದಾಖಲೆ ತೆಗೆದರೆ ಶೈಲೋದಲ್ಲಿ ಗಾಯ ಅಂತಲೂ ಬರೆದಿದೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅತ್ತೆಗೆ ಫೋನ್ ಮಾಡಿದೆ. ಅವರು ಅತ್ತರು. ಮುಂದಿನ ಭಾನುವಾರ ನನಗೋಸ್ಕರ ಚೆಸ್ ಪೈ ಮಾಡಿದರು, ಬೆಣ್ಣೆ ಸಕ್ಕರೆ ಮೊಟ್ಟೆ ಸುರಿದು ಮಾಡುವ ಇಲ್ಲಿನ ಸಿಹಿ. ಎರಡು ತುಂಡು ತಿಂದು ಬಂದೆ.

ಆ ಪೈ ಇವತ್ತಿಗೂ ನನಗೆ ಅರಗಿಲ್ಲ.

ಆ ವಾರ ಅಪ್ಪನ ಜೊತೆ ವಾಟ್ಸಾಪ್‌ನಲ್ಲಿ ಮಾತಾಡುವಾಗ ಜಂಬ ಕೊಚ್ಚಿಕೊಂಡೆ. ಅಪ್ಪ ಎಲ್ಲ ಕೇಳಿ ಒಂದೇ ಮಾತು ಕೇಳಿದರು. "ಏ ತಂಗಿ, ಹೆಸರು ಕೂಡಿದ್ರ ಆತೇನು? ಸರ್ವೆ ನಂಬರ ಕೂಡಬೇಕಲ್ಲ? ಆ ಮನಿಷ್ಯಾ ಯಾ ಊರಾಗ ಸೈನ್ಯ ಸೇರಿದ್ದ, ನೋಡಿದೇನು?"

ನೋಡಿರಲಿಲ್ಲ. ಸೇವಾ ದಾಖಲೆಯ ಕಾರ್ಡಿನ ಮೇಲೇ ಬರೆದಿತ್ತು. ಮೆಂಫಿಸ್. ಅದು ಟೆನೆಸ್ಸಿಯ ಪಶ್ಚಿಮದ ಕೊನೆ. ಮುತ್ತಜ್ಜ ಹುಟ್ಟಿ, ಬೆಳೆದು, ಮಣ್ಣಾದದ್ದು ಇಲ್ಲೇ ನಡು ಟೆನೆಸ್ಸಿಯಲ್ಲಿ, ಇನ್ನೂರು ಮೈಲಿಗಿಂತ ದೂರ. ನನಗೆ ಬೇಕಾದದ್ದು ಸಿಕ್ಕಿತು ಅನ್ನುವ ಖುಷಿಯಲ್ಲಿ ಬೇರೆ ಯಾರದೋ ಖಾತೆಯನ್ನು ಅತ್ತೆಯ ಹೆಸರಿಗೆ ಮಾಡಿಕೊಟ್ಟಿದ್ದೆ.

ಮರಣ ಪ್ರಮಾಣಪತ್ರ ನೋಡೋಣ ಅಂದರೆ ಅಲ್ಲೂ ಗ್ರಹಚಾರ. ಟೆನೆಸ್ಸಿಯಲ್ಲಿ ರಾಜ್ಯದ ಮಟ್ಟದಲ್ಲಿ ಜನನ ಮರಣ ಬರೆಯಲು ಶುರುಮಾಡಿದ್ದು 1908ರಲ್ಲಿ. ಆ ಕಾನೂನು 1912ಕ್ಕೆ ಮುಗಿಯಿತು. ಹೊಸ ಕಾನೂನು ಬಂದದ್ದು 1914ಕ್ಕೆ. ನಡುವೆ ಒಂದೇ ಒಂದು ವರ್ಷ ಖಾಲಿ. ಸಮಾಧಿ ಕಲ್ಲಿನ ಮೇಲಿರುವ ಇಸವಿ 1913! ಆ ಕಲ್ಲೂ ಕಾನ್ಫೆಡರೇಟರ ಮೊನಚು ತಲೆಯ ಕಲ್ಲು. ಯಾಂಕಿಗಳು, ಅಂದರೆ ಉತ್ತರದವರು, ಬಂದು ಮೇಲೆ ಕೂರಬಾರದು ಅಂತ ಹಾಗೆ ಮಾಡಿದ್ದಾರೆ ಅನ್ನುವುದು ಇಲ್ಲಿನ ಹಳೇ ಜೋಕು. ಕಲ್ಲು ಮಾತ್ರ ಯಾವ ರೆಜಿಮೆಂಟು ಅಂತ ಹೇಳುವುದಿಲ್ಲ. 1910ರ ಜನಗಣತಿಯಲ್ಲಿ ಒಂದು ಕಾಲಂ ಇತ್ತು, ನೀವು ಯಾವ ಸೈನ್ಯದಲ್ಲಿದ್ದಿರಿ ಅಂತ. ಅವರ ಎದುರು 'ಸಿ.ಎ.' ಅಂತಿದೆ. ಕಾನ್ಫೆಡರೇಟ್ ಆರ್ಮಿ. ಅಷ್ಟು ಗಟ್ಟಿಯಾಯಿತು.

ರೆಜಿಮೆಂಟು ಗೊತ್ತಿಲ್ಲದಿದ್ದರೆ ಮೊದಲು ಪಿಂಚಣಿ ಫೈಲು ನೋಡಬೇಕು, ಸೇವಾ ದಾಖಲೆ ಅಲ್ಲ. ಇದು ನಾನು ತಡವಾಗಿ ಕಲಿತದ್ದು. ಪಿಂಚಣಿ ಅರ್ಜಿಯಲ್ಲಿ ಆ ಮನುಷ್ಯನೇ ಬಂದು ನಾನು ಇಂಥ ಊರಿನವನು, ಇಂಥ ಕಂಪನಿಯಲ್ಲಿದ್ದೆ ಅಂತ ಹೇಳುತ್ತಾನೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಯೂನಿಯನ್, ಅಂದರೆ ಉತ್ತರದವರ ಕಡೆಯ, ಸೈನಿಕರಿಗೆ ವಾಷಿಂಗ್ಟನ್ನಿನ ಸರ್ಕಾರ ಪಿಂಚಣಿ ಕೊಟ್ಟಿತು. ಸರ್ಕಾರದ ವಿರುದ್ಧವೇ ಬಂದೂಕು ಹಿಡಿದ ಕಾನ್ಫೆಡರೇಟರಿಗೆ ಅದು ಯಾಕೆ ಕೊಡುತ್ತದೆ? ಅವರಿಗೆ ದಕ್ಷಿಣದ ರಾಜ್ಯಗಳು ತಮ್ಮ ತಮ್ಮ ಬೊಕ್ಕಸದಿಂದ ಕೊಟ್ಟವು. ಹೋರಾಡಿದ ರಾಜ್ಯ ಯಾವುದಾದರೂ ಆಗಲಿ, ಅರ್ಜಿ ಹಾಕಬೇಕಾದದ್ದು ಆಗ ವಾಸವಿದ್ದ ರಾಜ್ಯದಲ್ಲಿ. ಟೆನೆಸ್ಸಿ ಸೈನಿಕರಿಗೆ 1891ರಲ್ಲಿ, ವಿಧವೆಯರಿಗೆ 1905ರಲ್ಲಿ ಶುರುಮಾಡಿತು. ಸೈನ್ಯದ ಜೊತೆ ಆಳುಗಳಾಗಿ ಎಳೆದುಕೊಂಡು ಹೋಗಿದ್ದ ಕಪ್ಪು ಜನರಿಗೆ 1921ರಲ್ಲಿ. ಅಷ್ಟೊತ್ತಿಗೆ ಅವರಲ್ಲಿ ಎಷ್ಟು ಜನ ಬದುಕಿದ್ದರೋ.

ನ್ಯಾಶ್ವಿಲ್‌ನಲ್ಲಿ ರಾಜ್ಯದ ಲೈಬ್ರರಿ ಮತ್ತು ಪತ್ರಾಗಾರ ಇದೆ. 2021ರಲ್ಲಿ ಹೊಸ ಕಟ್ಟಡಕ್ಕೆ ಬಂದಿದೆ, ಗಾಜು, ಬೆಳಕು, ಎಲ್ಲ ಚೊಕ್ಕ. ಸೂಚಿಯಲ್ಲಿ ಸೈನಿಕರಿಗೆ ಎಸ್, ವಿಧವೆಯರಿಗೆ ಡಬ್ಲ್ಯು, ಕಪ್ಪು ಜನರಿಗೆ ಸಿ ಅಂತ ಅಕ್ಷರ ಹಾಕಿ ನಂಬರು ಕೊಟ್ಟಿದ್ದಾರೆ. ಎಸ್ ಸಾಲಿನಲ್ಲಿ ನಮ್ಮ ಕೌಂಟಿಯ ಎದುರು ಮುತ್ತಜ್ಜನ ಹೆಸರು ಇತ್ತು. ರೆಜಿಮೆಂಟು ಕ್ಯಾಪ್ಟನ್ನರದಲ್ಲ. ನಂಬರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅತ್ತೆಯ ಊರಿನವರಿಗೆ ಯಾರ ಮನೆ ಅಂತ ಗೊತ್ತಾಗುತ್ತದೆ. ಒಂದು ಬುಧವಾರ ರಜೆ ಹಾಕಿ ಹೋದೆ. ಮೈಕ್ರೊಫಿಲ್ಮ್ ಯಂತ್ರದ ಮುಂದೆ ಕೂತು ರೀಲು ತಿರುಗಿಸಿದೆ.

ಅರ್ಜಿ 1908ರದು. ಅಚ್ಚು ಮಾಡಿದ ಪ್ರಶ್ನೆ, ಕೈಬರಹದ ಉತ್ತರ. ಓದುತ್ತ ಹೋದ ಹಾಗೆ ಕೌಂಟಿ ಕ್ಲರ್ಕ್ ಮೇಜಿನ ಈ ಕಡೆ, ಮುದುಕ ಆ ಕಡೆ ಕೂತಂತೆ ಕಾಣತೊಡಗಿತು. ಎಲ್ಲಿ ಹುಟ್ಟಿದಿರಿ? ಸೇರಿದಾಗ ವಯಸ್ಸೆಷ್ಟು? ಇಪ್ಪತ್ತು. ಯಾವ ದರ್ಜೆ? ಸಿಪಾಯಿ. ಗಾಯ? ಇಲ್ಲ. ಈಗ ಏನು ತೊಂದರೆ? ಹರ್ನಿಯ, ಸಂಧಿವಾತ. ಜೊತೆಗೆ ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿ ಬಿದ್ದು ಎಡಗಾಲು ಊನ. ನಾನು ಅಲ್ಲೇ ಒಬ್ಬಳೇ ನಕ್ಕೆ. ಶೈಲೋದ ಗುಂಡು ಅಂದರೆ ಇದಾ! ಆಸ್ತಿ ಏನಿದೆ? ನಲವತ್ತು ಎಕರೆ ಬರಡು ಜಮೀನು, ಒಂದು ಹೇಸರಗತ್ತೆ, ಎರಡು ಹಸು. ಕುಡಿಯುತ್ತೀರಾ? ಹೌದು, ಸರ್ಕಾರಿ ಫಾರ್ಮಿನಲ್ಲೇ ಆ ಪ್ರಶ್ನೆ ಇದೆ. ಉತ್ತರ, "ಔಷಧಿಗೆ ಮಾತ್ರ."

ಆಮೇಲೆ ಎರಡು ಪ್ರಶ್ನೆ. ಸೈನ್ಯದಿಂದ ಹೇಗೆ ಹೊರಬಂದಿರಿ, ಯಾವಾಗ, ಎಲ್ಲಿ? ಉತ್ತರ ಉದ್ದವಾಗಿದೆ. ಡಾಲ್ಟನ್ ಕ್ಯಾಂಪಿನಲ್ಲಿ ಜ್ವರ ಬಂತು, ಮನೆಗೆ ಹೋಗಲು ರಜೆ ಕೊಟ್ಟರು, ಆಮೇಲೆ ದಾರಿ ತುಂಬ ಯೂನಿಯನ್ ಸೈನ್ಯ ಇತ್ತು, ವಾಪಸ್ ಹೋಗಲಾಗಲಿಲ್ಲ. ಎರಡನೆಯದು, ಅಮೆರಿಕ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದ್ದಿರಾ, ಮಾಡಿದ್ದರೆ ಯಾವಾಗ? "ಮಾಡಿದೆ. ಯುದ್ಧ ಮುಗಿದ ಮೇಲೆ, ಎಲ್ಲರ ಹಾಗೆ."

ರೀಲು ಮುಂದಕ್ಕೆ ಹೋಯಿತು. ಇಬ್ಬರು ಸಾಕ್ಷಿಗಳ ಹೇಳಿಕೆ, ಡಾಕ್ಟರ ಸರ್ಟಿಫಿಕೇಟು. ಕೊನೆಯಲ್ಲಿ ಟೈಪ್ ಮಾಡಿದ ಒಂದು ಪುಟ. ವಾಷಿಂಗ್ಟನ್ನಿನ ವಾರ್ ಡಿಪಾರ್ಟ್‌ಮೆಂಟಿನಿಂದ ಬಂದದ್ದು. ಟೆನೆಸ್ಸಿಯ ಪಿಂಚಣಿ ಮಂಡಳಿ ಅರ್ಜಿದಾರನ ಸೇವೆ ನಿಜವೇ ಅಂತ ಅವರಿಗೆ ಪತ್ರ ಬರೆದಿತ್ತು. ಸೋತವರು ತಮ್ಮ ಸಿಪಾಯಿಯನ್ನು ಗುರುತಿಸಿಕೊಡಿ ಅಂತ ಗೆದ್ದವರನ್ನೇ ಕೇಳಬೇಕಾಗಿತ್ತು. ಉತ್ತರ ಎಂಟು ಸಾಲು. ಇಂಥ ದಿನ ಸೇರಿದರು. 1864ರ ಫೆಬ್ರವರಿಯಲ್ಲಿ ಡಾಲ್ಟನ್‌ನಿಂದ ಓಡಿಹೋದರು. ಅದೇ ತಿಂಗಳು ಚಾಟನೂಗಾದಲ್ಲಿ ಯೂನಿಯನ್ ಸೈನ್ಯದ ಮುಂದೆ ಪ್ರಮಾಣ ಮಾಡಿದರು.

ಗೌರವದಿಂದ ಸೈನ್ಯ ಬಿಟ್ಟವರಿಗಷ್ಟೇ ಪಿಂಚಣಿ ಅನ್ನುವುದು ಟೆನೆಸ್ಸಿಯ ನಿಯಮ. ಫೈಲಿನ ಹೊರಮೈ ಮೇಲೆ ಒಂದೇ ಶಬ್ದ, ತಿರಸ್ಕೃತ. ಮುದುಕ ಪ್ರಮಾಣ ಮಾಡಲೇ ಇಲ್ಲ ಅಂತ ಸುಳ್ಳು ಹೇಳಿರಲಿಲ್ಲ, ನೋಡಿ. ತಾರೀಖನ್ನು ಮಾತ್ರ ಒಂದು ವರ್ಷದಷ್ಟು ಮುಂದಕ್ಕೆ ಸರಿಸಿದ್ದ.

ಇನ್ನು ಸೇವಾ ದಾಖಲೆ. ಈಗ ರೆಜಿಮೆಂಟು ಗೊತ್ತಿತ್ತು, ಹತ್ತು ನಿಮಿಷದಲ್ಲಿ ಸಿಕ್ಕಿತು. ಈ ದಾಖಲೆ ಉಳಿದದ್ದೇ ಒಂದು ಕಥೆ. 1865ರ ಏಪ್ರಿಲ್‌ನಲ್ಲಿ ಕಾನ್ಫೆಡರೇಟರು ರಾಜಧಾನಿ ರಿಚ್ಮಂಡ್ ಬಿಟ್ಟು ಹೊರಟಾಗ ಊರಿಗೆ ಬೆಂಕಿ ಬಿತ್ತು. ಎಷ್ಟೋ ಕಾಗದ ಸುಟ್ಟುಹೋಯಿತು. ಒಂದಷ್ಟನ್ನು ರೈಲಿಗೆ ತುಂಬಿ ಷಾರ್ಲಟ್‌ಗೆ ಸಾಗಿಸಿದ್ದರು. ಅದು ಆಮೇಲೆ ಯೂನಿಯನ್‌ನವರ ಕೈ ಸೇರಿತು. 1903ರ ನಂತರ ವಾರ್ ಡಿಪಾರ್ಟ್‌ಮೆಂಟು ಆ ಮಸ್ಟರ್ ರೋಲುಗಳನ್ನು ಒಬ್ಬೊಬ್ಬ ಸಿಪಾಯಿಯ ಹೆಸರಿಗೆ ಬೇರೆ ಬೇರೆ ಕಾರ್ಡಿಗೆ ಇಳಿಸಿತು. ನಮ್ಮ ಕಡೆ ನರೇಗಾ ಕೆಲಸಕ್ಕೆ ತೆಗೆಯುತ್ತಾರಲ್ಲ, ಅದೇ ಮಸ್ಟರ್ ರೋಲು, ಹಾಜರಿ ಪಟ್ಟಿ. ಪ್ರತಿ ಕಾರ್ಡಿನ ಅಡಿ ನಕಲು ಮಾಡಿದ ಗುಮಾಸ್ತನ ಹೆಸರು ಇರುತ್ತದೆ. ನನಗೆ ಸಿಪಾಯಿಗಿಂತ ಆ ಗುಮಾಸ್ತರ ಮೇಲೆ ಜಾಸ್ತಿ ಕನಿಕರ. ಅದಕ್ಕೂ ಮೊದಲು, ಯೂನಿಯನ್ ಸೈನಿಕರ ಕಾರ್ಡು ಮಾಡುತ್ತಿದ್ದ ಕಾಲದಲ್ಲಿ, ಗುಮಾಸ್ತರನ್ನು ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನಲ್ಲಿ ಕೂರಿಸಿದ್ದರು. ಲಿಂಕನ್ ಅವರಿಗೆ ಗುಂಡು ಬಿದ್ದದ್ದು ಅಲ್ಲೇ. 1893ರ ಜೂನ್ 9ರಂದು ಆ ಕಟ್ಟಡದ ಒಳಮಹಡಿಗಳು ಕುಸಿದು 22 ಜನ ಸತ್ತರು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುತ್ತಜ್ಜನ ಕಾರ್ಡುಗಳು ಹನ್ನೊಂದು. ಇಲ್ಲಿಂದ ಮುಂದೆ 'ಅವರು' ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಾರ್ಡಿನಲ್ಲಿರುವವನು ಇಪ್ಪತ್ತರ ಹುಡುಗ. 1861ರ ಡಿಸೆಂಬರ್‌ನಲ್ಲಿ ಸೇರಿದ. ಅವಧಿ, ಹನ್ನೆರಡು ತಿಂಗಳು. ಈ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತೆ. ಯಾಕೆಂದರೆ 1862ರ ಏಪ್ರಿಲ್‌ನಲ್ಲಿ ಕಾನ್ಫೆಡರೇಟ್ ಸರ್ಕಾರ ಕಡ್ಡಾಯ ಸೇನಾ ಸೇರ್ಪಡೆಯ ಕಾನೂನು ತಂದಿತು. ಹನ್ನೆರಡು ತಿಂಗಳಿಗೆ ಅಂತ ಸೇರಿದವರನ್ನೂ ಒಟ್ಟು ಮೂರು ವರ್ಷಕ್ಕೆ ಎಳೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ಕಾನೂನು ಬಂತು, ಇಪ್ಪತ್ತು ಗುಲಾಮರಿರುವ ತೋಟದಲ್ಲಿ ಒಬ್ಬ ಬಿಳಿಯನಿಗೆ ಸೇನೆಯಿಂದ ವಿನಾಯಿತಿ ಅಂತ. ದೊಡ್ಡವರ ಮಕ್ಕಳಿಗೆ ಮನೆಯಲ್ಲೇ ಉಳಿಯಲು ಬಾಗಿಲು ಸಿಕ್ಕಿತು. ಇವನಿಗೆ ತಿಂಗಳಿಗೆ 11 ಡಾಲರ್ ಸಂಬಳ.

ಹಾಜರಿ, ಹಾಜರಿ, ಕಾಯಿಲೆ ಮೇಲೆ ಗೈರು, ಹಾಜರಿ. 1863ರ ನವೆಂಬರ್ 25ರಂದು ಚಾಟನೂಗಾದ ಮಿಷನರಿ ರಿಡ್ಜ್ ಮೇಲಿಂದ ಇವರ ಸೈನ್ಯ ಚದುರಿ ಓಡಿತು, ಜಾರ್ಜಿಯಾದ ಡಾಲ್ಟನ್ ಸೇರಿ ಚಳಿಗಾಲ ಕಳೆಯಿತು. ಆ ಸಮಯದ ಒಂದು ಕಾರ್ಡು ಬಟ್ಟೆ ಕೊಟ್ಟ ರಸೀದಿಯದು. ಸಹಿಯ ಜಾಗದಲ್ಲಿ ಹೆಸರಿನ ನಡುವೆ ಒಂದು ಇಂಟು ಗುರುತು. ಮೇಲೆ 'ಅವನ', ಕೆಳಗೆ 'ಗುರುತು' ಅಂತ ಬರೆದಿದೆ. ನಮ್ಮ ಹೆಬ್ಬೆಟ್ಟಿನ ಹಾಗೆ. ನಲವತ್ತು ವರ್ಷದ ಮೇಲೆ ಆ ಗುಮಾಸ್ತ ಕೂಡ ಅದನ್ನು ಶ್ರದ್ಧೆಯಿಂದ ಇಂಟು ಹಾಕಿಯೇ ನಕಲು ಮಾಡಿದ್ದಾನೆ. ಆದರೆ 1908ರ ಅರ್ಜಿಯಲ್ಲಿ ನಡುಗುವ ಕೈಯ ಪೂರ್ತಿ ಸಹಿ ಇದೆ! 1870ರ ಜನಗಣತಿ ತೆಗೆದು ನೋಡಿದೆ. 'ಬರೆಯಲು ಬಾರದು' ಅನ್ನುವ ಕಾಲಂನಲ್ಲಿ ಅವನ ಎದುರು ಗೀಟಿಲ್ಲ. ಆರು ವರ್ಷದೊಳಗೆ ಎಲ್ಲೋ ಅಕ್ಷರ ಕಲಿತಿದ್ದಾನೆ.

ಎಲ್ಲಿ ಅನ್ನುವುದಕ್ಕೆ ಕೊನೆಯ ಕಾರ್ಡು ಸಣ್ಣ ಸುಳಿವು ಕೊಡುತ್ತದೆ. ಅದು ಯೂನಿಯನ್ ಕಡೆಯವರ ಪುಸ್ತಕದಿಂದ ಇಳಿಸಿದ್ದು. ಓಡಿಬಂದ ಕಾನ್ಫೆಡರೇಟರ ಪಟ್ಟಿ. ಡಾಲ್ಟನ್‌ನಿಂದ ಚಾಟನೂಗಾಕ್ಕೆ ಸುಮಾರು ಮೂವತ್ತು ಮೈಲಿ. ಲಿಂಕನ್ 1863ರ ಡಿಸೆಂಬರ್ 8ರಂದು ಕ್ಷಮಾದಾನ ಸಾರಿದ್ದರು, ಪ್ರಮಾಣ ಮಾಡಿದರೆ ಸಾಕಿತ್ತು. ಇವನು ಮಾಡಿದ. ಷರತ್ತು, ಯುದ್ಧ ಮುಗಿಯುವವರೆಗೆ ಒಹಾಯೊ ನದಿಯ ಉತ್ತರಕ್ಕೇ ಇರಬೇಕು. ಅಂದರೆ ಮನೆಗೆ ಹೋಗುವ ಹಾಗಿಲ್ಲ. ಪಕ್ಕದಲ್ಲಿ ಚಹರೆ. ಮೈಬಣ್ಣ ಕೆಂಪು, ಕೂದಲು ಕಪ್ಪು, ಕಣ್ಣು ನೀಲಿ, ಎತ್ತರ 5 ಅಡಿ 6 ಇಂಚು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಈ ಯುದ್ಧದ ಪಿಂಚಣಿ ಪಡೆಯುತ್ತಿದ್ದ ಕೊನೆಯವರು, ಉತ್ತರ ಕ್ಯಾರೊಲೈನಾದ ಐರೀನ್ ಟ್ರಿಪ್ಲೆಟ್, ತೀರಿಕೊಂಡದ್ದು 2020ರಲ್ಲಿ. ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು. ಅವರ ಅಪ್ಪನೂ ಮೊದಲು ಕಾನ್ಫೆಡರೇಟ್ ಸಿಪಾಯಿ. ಓಡಿಹೋದರು, ಆಮೇಲೆ ಯೂನಿಯನ್ ಸೈನ್ಯ ಸೇರಿದರು. ಹಾಗಾಗಿ ಕೇಂದ್ರ ಸರ್ಕಾರದ ಪಿಂಚಣಿ. ನಮ್ಮವನು ಅರ್ಧಕ್ಕೇ ನಿಂತ. ಈ ಕಡೆಯ ದುಡ್ಡೂ ಇಲ್ಲ, ಆ ಕಡೆಯದೂ ಇಲ್ಲ.

ಅತ್ತೆಗೆ ಹೇಳುವುದು ಹೇಗೆ? ಪೈ ಬೇರೆ ತಿಂದಿದ್ದೆ. ಇಲ್ಲಿ ಅತ್ತೆಯನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಹೊರಳದೆ, ಹೆಸರಿಗೆ ಮೊದಲು 'ಮಿಸ್' ಸೇರಿಸಿ ಕರೆಯುತ್ತೇನೆ. ದಕ್ಷಿಣದಲ್ಲಿ ಹಿರಿಯರಿಗೆ ಅದೇ ಮರ್ಯಾದೆ. ಭಾನುವಾರ ಊಟವಾದ ಮೇಲೆ ಎಲ್ಲ ಪ್ರಿಂಟುಗಳನ್ನೂ ಮೇಜಿನ ಮೇಲೆ ಹರಡಿದೆ. ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು. ದಿಮ್ಮಿಯ ಹತ್ತಿರ ಬಂದಾಗ ನಕ್ಕರು. ಕ್ಯಾಪ್ಟನ್ ಅಂತ ಹೇಗೆ ಬಂತು ಅಂದರೆ, ಆ ಕಾಲದಲ್ಲಿ ಗಡ್ಡ ಬೆಳ್ಳಗಾದ ಗಂಡಸರನ್ನೆಲ್ಲ ಊರವರು ಕ್ಯಾಪ್ಟನ್, ಕರ್ನಲ್ ಅಂತಲೇ ಕರೆಯುತ್ತಿದ್ದರಂತೆ. ನಮ್ಮಲ್ಲಿ ಗೌಡ್ರೇ ಅಂದ ಹಾಗೆ.

ಓಡಿಹೋದ ಕಾಗದ ಓದುವಾಗ ಮಾತ್ರ ಮುಖ ಗಂಟಾಯಿತು. "ನಮ್ಮಜ್ಜಿ ಇದನ್ನು ನನಗೆ ಹೇಳಲೇ ಇಲ್ಲ" ಅಂದರು. ನಾನು ಸುಮ್ಮನಿರಲಾರದೆ ಹೇಳಿದೆ. ಅವನು ಸೈನ್ಯದಲ್ಲೇ ನಿಂತಿದ್ದರೆ ಅದೇ ವರ್ಷ ನವೆಂಬರ್ 30ರಂದು ಟೆನೆಸ್ಸಿಯ ಫ್ರಾಂಕ್ಲಿನ್ ಯುದ್ಧದಲ್ಲಿ ಇರುತ್ತಿದ್ದ. ಅಲ್ಲಿ ಕಾನ್ಫೆಡರೇಟರ ಜನರಲ್‌ಗಳೇ ಆರು ಜನ ಸತ್ತರು, ಸಿಪಾಯಿಗಳ ಮಾತು ಬಿಡಿ. ನಿಮ್ಮ ಅಜ್ಜ ಹುಟ್ಟಿದ್ದು 1875ರಲ್ಲಿ. ಅತ್ತೆ ಬೆರಳು ಮಡಿಚಿ ಲೆಕ್ಕ ಹಾಕಿದರು. ಆಮೇಲೆ ಕಾರ್ಡು ಹಿಡಿದುಕೊಂಡು ಫೋಟೊ ಹತ್ತಿರ ಹೋಗಿ ನಿಂತರು. "ಐದಡಿ ಆರಿಂಚಾ? ಇಷ್ಟು ಕುಳ್ಳನಾ?" ಅಂದರು.

ಇನ್ನೊಂದು ಕಾಗದ ಇತ್ತು. ಅದನ್ನು ಕೊಡಲೋ ಬೇಡವೋ ಅಂತ ಕೆಳಗಿಟ್ಟಿದ್ದೆ. 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಹಾಳೆ. ಮುತ್ತಜ್ಜನ ಅಪ್ಪನ ಹೆಸರು ಅದರಲ್ಲಿದೆ. ಎದುರಿಗೆ ಎರಡು ಸಾಲು. ವಯಸ್ಸು 28, ಹೆಣ್ಣು, ಕಪ್ಪು. ವಯಸ್ಸು 6, ಗಂಡು, ಕಪ್ಪು. ಕೊನೆಯ ಕಾಲಂನಲ್ಲಿ ಗುಲಾಮರ ಮನೆಗಳು, ಒಂದು. ಹೆಸರಿಗೆ ಕಾಲಂ ಇರುವುದು ಯಜಮಾನನಿಗೆ ಮಾತ್ರ. ನಾವು ಬಡ ರೈತರು, ನಮಗೂ ಗುಲಾಮಗಿರಿಗೂ ಸಂಬಂಧವಿಲ್ಲ ಅನ್ನುವುದು ಕೂಡ ಈ ಮನೆಯ ಒಂದು 'ಅಂತೆ'. ಮುತ್ತಜ್ಜನ ಬಗ್ಗೆ ನನಗೆ ಹನ್ನೊಂದು ಕಾರ್ಡು, ಒಂದು ಫೈಲು, ಕಣ್ಣಿನ ಬಣ್ಣ ಕೂಡ ಸಿಕ್ಕಿತು. ಅದೇ ಅಂಗಳದಲ್ಲಿದ್ದ ಆ ತಾಯಿ ಮಗನ ಬಗ್ಗೆ ಎರಡು ಗೆರೆ. ತಾಯಿ ಮಗ ಅನ್ನುವುದೂ ನಾನು ಅಂದುಕೊಂಡದ್ದೇ, ಹಾಳೆ ಹಾಗೇನೂ ಹೇಳುವುದಿಲ್ಲ. ಬಿಡುಗಡೆಯಾದವರನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ಜನಗಣತಿ 1870ರದು. ಆ ಕೌಂಟಿಯ ಹಾಳೆಗಳನ್ನು ಮೂರು ರಾತ್ರಿ ತಿರುವಿದೆ. ಹದಿನಾರರ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಇವನೇ ಅವನು ಅನ್ನಲು ನನ್ನ ಹತ್ತಿರ ಸರ್ವೆ ನಂಬರು ಇಲ್ಲ.

ಕೊಟ್ಟೆ. ಅತ್ತೆ ಓದಿದರು. ಪ್ರಮಾಣದ ಕಾರ್ಡನ್ನು ಮನೆತನದ ಬೈಬಲ್ಲಿನಲ್ಲಿ, ಹುಟ್ಟು ಸಾವು ಬರೆದಿಡುವ ಪುಟದ ಮಧ್ಯೆ ಇಟ್ಟರು. ಈ ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಕಾಫಿ ಮಾಡಲು ಎದ್ದರು. ಮೂರು ವಾರ ಅದು ಅಲ್ಲೇ ಇತ್ತು, ಸಕ್ಕರೆ ಡಬ್ಬಿಯ ಪಕ್ಕ. ಮೊನ್ನೆ ಹೋದಾಗ ಇರಲಿಲ್ಲ. ಬೈಬಲ್ ತೆಗೆದು ನೋಡುವಷ್ಟು ಸಲಿಗೆ ನನಗಿನ್ನೂ ಬಂದಿಲ್ಲ.